ಹೆಸರು ಮಾತ್ರ ಬದಲಾದ ಹೇಳಿಕೆ

ನಮ್ಮ ಪಕ್ಷದ ಕಚೇರಿಯಲ್ಲಿ ಪತ್ರಿಕಾ ಹೇಳಿಕೆಗಳನ್ನು ಯಾರೂ ಹೊಸದಾಗಿ ಬರೆಯುವುದಿಲ್ಲ. ಟೈಪಿಸ್ಟ್ ಹುಡುಗಿ ಕಂಪ್ಯೂಟರಿನಲ್ಲಿ ಹಳೆಯದೊಂದನ್ನು ತೆರೆದು, ಹೆಸರು, ತಾರೀಕು ತಿದ್ದಿ, ಪ್ರಿಂಟ್ ತೆಗೆದು ನನ್ನ ಮುಂದಿಡುತ್ತಾಳೆ. ಮಹಿಳಾ ಘಟಕದ ಅಧ್ಯಕ್ಷೆ ಎಂದು ನಾನು ಸಹಿ ಗೀಚುತ್ತೇನೆ. ಓದುವುದೂ ಇಲ್ಲ. ಬೈಯುವುದು ಯಾವಾಗಲೂ ಎದುರು ಪಕ್ಷದವರನ್ನೇ ತಾನೇ, ಓದುವುದೇನಿದೆ?

ಆ ಸೋಮವಾರ ಮಾತ್ರ ಓದಿದೆ. ಹಾಳೆ ಇಟ್ಟ ಮೇಲೂ ಅವಳು ತನ್ನ ಕುರ್ಚಿಗೆ ಹೋಗದೆ ನನ್ನ ಮೇಜಿನ ಅಂಚು ಹಿಡಿದು ನಿಂತೇ ಇದ್ದಳು.

ಅದು ಹೋದ ವರ್ಷದ ಹೇಳಿಕೆ. ಎದುರು ಪಕ್ಷದ ಮಂತ್ರಿಯೊಬ್ಬ ತನ್ನ ಕಚೇರಿಯ ಗುಮಾಸ್ತೆಯನ್ನು ಕೋಣೆಗೆ ಕರೆದು ಕೈ ಹಿಡಿದೆಳೆದಾಗ ನಾವು ಹೊರಡಿಸಿದ್ದು. ‘ಹೆಣ್ಣಿನ ಮಾತೇ ಸಾಕ್ಷಿ. ತನಿಖೆಯ ನೆಪ ಬೇಡ. ಮೊದಲು ರಾಜೀನಾಮೆ.’ ಮಂತ್ರಿಯ ಗೇಟಿನ ಮುಂದೆ ಆ ಗುಮಾಸ್ತೆಯ ಜೊತೆ ಒಂಬತ್ತು ದಿನ ಧರಣಿ ಕೂತಿದ್ದೆ. ಕೂಗಿ ಕೂಗಿ ಗಂಟಲು ಕಟ್ಟಿತ್ತು. ಹತ್ತನೆಯ ದಿನ ಮಂತ್ರಿ ಕುರ್ಚಿ ಬಿಟ್ಟಿಳಿದ. ಅಷ್ಟು ಖುಷಿ ನನಗೆ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಈಗ ಮಂತ್ರಿಯ ಹೆಸರಿದ್ದ ಜಾಗದಲ್ಲಿ ನಮ್ಮ ಪಕ್ಷದ ಅಧ್ಯಕ್ಷರ ಹೆಸರಿತ್ತು. ನಾವೆಲ್ಲ ಅಣ್ಣ ಎಂದು ಕರೆಯುವವರದು. ಗುಮಾಸ್ತೆಯ ಜಾಗದಲ್ಲಿ ಈ ಹುಡುಗಿಯದೇ ಹೆಸರು.

“ಶನಿವಾರ ಮಧ್ಯಾಹ್ನ ಅಕ್ಕಾ. ಫೈಲ್ ತಗೊಂಡು ಬಾ ಅಂದ್ರು. ಹೋದ್ಮೇಲೆ ಬಾಗ್ಲು ಹಾಕಿದ್ರು,” ಎಂದಳು. “ಹೊಸದಾಗಿ ಬರೆಯೋಕೆ ನನ್ನಿಂದ ಆಗ್ಲಿಲ್ಲ. ಹೆಸರು ಮಾತ್ರ ಬದಲಾಯಿಸಿದೀನಿ. ಮಿಕ್ಕಿದ್ದೆಲ್ಲ ನೀವು ಹೇಳಿದ್ದೇ. ಸಹಿ ಹಾಕ್ತೀರಲ್ಲ?”

ಅವಳ ಮಾತನ್ನು ನಾನು ನಂಬಿದೆ. ಅದನ್ನು ಇಲ್ಲಾದರೂ ಬರೆಯಬೇಕು, ಬೇರೆಲ್ಲೂ ಹೇಳಲಿಲ್ಲ. ಮುಂಚೆಯೂ ಇಬ್ಬರು ಹುಡುಗಿಯರು ಕಾರಣ ಹೇಳದೆ ಈ ಕೆಲಸ ಬಿಟ್ಟು ಹೋಗಿದ್ದರು. ಕಾರಣ ಊಹಿಸಲಾರದಷ್ಟು ಪೆದ್ದಿ ನಾನಲ್ಲ. ಆದರೆ ಚುನಾವಣೆಗೆ ಐದೇ ವಾರವಿತ್ತು. ನನ್ನ ಟಿಕೆಟ್ ಅಣ್ಣನ ಕೈಯಲ್ಲಿತ್ತು. ಪೆನ್ನಿನ ಮುಚ್ಚಳ ತೆಗೆದೆ, ಮತ್ತೆ ಹಾಕಿದೆ.

“ನೋಡಮ್ಮಾ, ಆತುರ ಬೇಡ. ಮೊದ್ಲು ಒಳಗೇ ಒಂದು ತನಿಖೆ ಆಗ್ಲಿ. ಆಮೇಲೆ ನೋಡೋಣ,” ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟೆ.

“ತನಿಖೆಯ ನೆಪ ಬೇಡ ಅಂತ ಎರಡನೇ ಸಾಲಲ್ಲೇ ಇದೆಯಲ್ಲ ಅಕ್ಕಾ.” ದನಿಯಲ್ಲಿ ಕೊಂಕಿರಲಿಲ್ಲ. ನಾನು ಮರೆತಿರಬೇಕೆಂದು ನೆನಪಿಸಿದಳು, ಅಷ್ಟೇ.

ನನಗೆ ಸಿಟ್ಟು ಬಂತು. ತಪ್ಪು ನಮ್ಮದಾದಾಗ ಅದು ಬಲು ಬೇಗ ಬರುತ್ತದೆ. “ಅವರ ವಿಷಯ ಬೇರೆ, ನಮ್ಮ ವಿಷಯ ಬೇರೆ. ಮನೆ ಮಾತನ್ನ ಯಾರಾದ್ರೂ ಬೀದಿಗೆ ತರ್ತಾರಾ?” ಎಂದೆ. ತಮ್ಮ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ತಟ್ಟೆಯ ನೊಣ ತೋರಿಸುತ್ತಾರೆ ಎಂದು ಎದುರು ಪಕ್ಷದವರನ್ನು ಎಷ್ಟು ವೇದಿಕೆಗಳಲ್ಲಿ ಹಂಗಿಸಿದ್ದೆನೋ! ಹುಡುಗಿ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡು ಹೊರಟಳು. ತಡೆಯಲಿಲ್ಲ.

ಸುದ್ದಿ ಎರಡೇ ದಿನದಲ್ಲಿ ಹೊರಬಿತ್ತು. ಬುಧವಾರ ಅಣ್ಣ ನನ್ನಿಂದ ಹೇಳಿಕೆ ಕೇಳಿದರು. ಇಂಥದ್ದಕ್ಕೆ ಕಂಪ್ಯೂಟರಿನಲ್ಲಿ ಮಾದರಿ ಇರಲಿಲ್ಲ. ನಾನೇ ಕೂತು, ಕೈಯಾರೆ ಬರೆದೆ: ಇದು ವಿರೋಧಿಗಳ ಪಿತೂರಿ, ಹುಡುಗಿಯ ನಡತೆಯನ್ನೂ ವಿಚಾರಿಸಬೇಕು. ಕೊನೆಯ ಮಾತನ್ನು ಯಾರೂ ಬರೆ ಎಂದಿರಲಿಲ್ಲ.

ಮರುದಿನ ಬೆಳಿಗ್ಗೆ ಹೋದ ವರ್ಷದ ಆ ಗುಮಾಸ್ತೆಯ ಫೋನ್ ಬಂತು. ಯಾವತ್ತೂ ಅಕ್ಕ ಎನ್ನುತ್ತಿದ್ದವಳು.

“ಮೇಡಂ, ಆ ಹುಡುಗೀನ ಪೊಲೀಸ್ ಸ್ಟೇಷನ್‌ಗೆ ನಾನು ಕರ್ಕೊಂಡು ಬಂದಿದೀನಿ. ಒಂದು ಮಾತು ಕೇಳ್ಬೇಕಿತ್ತು. ಆವತ್ತು ನೀವು ಕೂತಿದ್ದು ನನಗೋಸ್ಕರಾನಾ, ಇಲ್ಲಾ ಅವನು ಬೇರೆ ಪಕ್ಷದೋನು ಅಂತಾನಾ?”

ನಿನಗೋಸ್ಕರವೇ ಎನ್ನಬೇಕೆಂದುಕೊಂಡೆ.

“ಒಂಬತ್ತು ದಿನ ನಿಮ್ಮ ಕೈ ಹಿಡ್ಕೊಂಡು ಕೂತಿದ್ದೆ ನಾನು,” ಎಂದು ಫೋನ್ ಇಟ್ಟಳು.