ದೇವರ ಮರದ ಗಡ್ಡ

ಚಿಟಿಕೆ ತೆಗೆಯುವವರನ್ನು ರಂಗಿ ನಂಬುತ್ತಿರಲಿಲ್ಲ. ಮೂಟೆ ಕಟ್ಟುವವನ ಆಸೆ ಕಣ್ಣಿಗೆ ಕಾಣುತ್ತದೆ, ಚಿಟಿಕೆಯವನದು ಕಾಣುವುದಿಲ್ಲ. ಮಸಾಲೆಗೆ ಹೋಗುವ ಮರಪಾಚಿ ಬಿಡಿಸಿಯೇ ಬದುಕಿದ ಸೋಲಿಗರ ಹೆಂಗಸು ಅವಳು. ಹಿಂದೊಮ್ಮೆ ಒಬ್ಬ ಸ್ಯಾಂಪಲ್ ನೋಡುತ್ತೇನೆಂದು ಚಿಟಿಕೆ ಪಾಚಿ ಒಯ್ದಿದ್ದ. ಅವನ ಬೆನ್ನಿಗೇ ವ್ಯಾಪಾರಿಯ ಆಳುಗಳು ಬಂದು ಒಂದಿಡೀ ಇಳಿಜಾರಿನ ಮರಗಳನ್ನು ಬೋಳಿಸಿ ಹೋಗಿದ್ದರು.

ಈಗ ಜೀರಹಳ್ಳಿ ಕಾಡಿಗೆ ಬಂದವಳು ಮಂಗಳಗೌರಿ. ಗೆಟ್ಟವಾಡಿಯ ಒಕ್ಕಲು ಮನೆಯ ಹುಡುಗಿ, ಕೊಯಮತ್ತೂರಿನ ಕಾಲೇಜೊಂದರಲ್ಲಿ ಒಣಗಿಸಿದ ಗಿಡಗಳ ಸಂಗ್ರಹ ನೋಡಿಕೊಳ್ಳುವವಳು. ಅರಣ್ಯ ಇಲಾಖೆಯ ಅನುಮತಿ ತಂದಿದ್ದಳು, ದಾರಿ ತೋರಿಸಲು ರಂಗಿಯನ್ನು ಕರೆದುಕೊಂಡಿದ್ದಳು. ಗಡ್ಡದಂತೆ ಇಳಿಬಿದ್ದ ಪಾಚಿ ಕಂಡರೆ ಸಾಕು, ಒಂದೆಳೆ ಎಳೆದು ಒಳಗಿನ ಬಿಳಿ ನಾರು ನೋಡುವಳು. ಆಮೇಲೆ ಚಿಟಿಕೆಯಷ್ಟು ಕಾಗದದ ಪೊಟ್ಟಣಕ್ಕೆ.

"ಇದ್ಕೆ ಗಿರಾಕಿ ಯಾರವ್ವ?"

"ಗಿರಾಕಿ ಇಲ್ಲ ಅಕ್ಕ. ಬೀರುನಲ್ಲಿ ಮಡಗ್ತೀವಿ."

"ಮಡಗಿ?"

"ಮಡಗಿ, ಅಷ್ಟೇಯ."

ಅಷ್ಟೇ ಅಂತೆ! ರಂಗಿಗೆ ನಗುವೂ ಬಂತು, ಮೈಯೂ ಉರಿಯಿತು. ಯಾರ ಕಿವಿಗೆ ಹೂವಿಡುತ್ತಿದ್ದಾಳೆ ಇವಳು?

"ಇನ್ನೂ ಉದ್ದದ್ದು ಎಲ್ಲಾರ ಐತಾ ಅಕ್ಕ?"

"ಇಲ್ಲ ಕಣವ್ವ."

ಇತ್ತು. ಗುಡ್ಡದ ನೆತ್ತಿಯ ದೇವರ ಮತ್ತಿಮರಕ್ಕೆ ಮೊಳದುದ್ದ ಗಡ್ಡ. ರಂಗಿಯ ಕುಲದವರು ಯಾರೂ ಅದಕ್ಕೆ ಕೈ ಹಚ್ಚಿದವರಲ್ಲ. ಆದರೆ ಹುಡುಗಿ ದುರ್ಬೀನನ್ನು ನೆತ್ತಿಯ ಕಡೆಗೇ ತಿರುಗಿಸಿ, "ನಾಳೆ ಅಲ್ಲಿಗೆ ಹೋಗಣ" ಎಂದಳು.

ಇವಳಿಗೆ ಕಂಡರೆ ಮೂಟೆಯವರಿಗೂ ಕಂಡಂತೆಯೇ. ಇಲ್ಲದ್ದನ್ನು ಯಾರು ದೋಚುತ್ತಾರೆ? ಬೆಳಗಾಗುತ್ತಲೇ ರಂಗಿ ಒಬ್ಬಳೇ ಗುಡ್ಡ ಹತ್ತಿದಳು. ಮರಕ್ಕೆ ಕೈಮುಗಿದು, ಬಿದಿರ ಕೊಕ್ಕೆಯಿಂದ ಗಡ್ಡವನ್ನೆಲ್ಲ ಎಳೆದು ಚೀಲಕ್ಕೆ ತುಂಬಿದಳು. ತನ್ನ ಗುಡಿಸಲಲ್ಲಿ ಬಚ್ಚಿಟ್ಟರೆ ದೇವರದು ದೇವರಿಗೇ ಉಳಿಯುತ್ತದೆ ಎಂಬುದು ಅವಳ ಲೆಕ್ಕ.

ಚೀಲ ಹೊತ್ತು ತಿರುಗುವಷ್ಟರಲ್ಲಿ ಮಂಗಳಗೌರಿ ಏದುಸಿರು ಬಿಡುತ್ತ ಮೇಲೆ ಬಂದಳು. ಬೋಳು ಮರವನ್ನೂ ಚೀಲವನ್ನೂ ನೋಡಿ ಅಲ್ಲೇ ಕುಸಿದು ಕೂತಳು.

"ಎಲ್ಲಾನೂ ಕಿತ್ತುಬುಟ್ರಾ ಅಕ್ಕ?"

"ಇನ್ನೇನ್ ಮಾಡ್ಲಿ? ನಿಮ್ಮೋರು ಮೂಟೆ ಕಟ್ಟಕ್ಕೆ ಬತ್ತಿದ್ರಲ್ಲ!"

"ಯಾರು ನಮ್ಮೋರು? ನಾನೊಬ್ಳೇ ಬಂದಿವ್ನಿ. ನಂಗೆ ಒಂದು ಚಿಟಿಕೆ ಸಾಕಾಗಿತ್ತು. ಇಷ್ಟುದ್ದ ಬೆಳೀಬೇಕಾರೆ ನಿಮ್ಮಜ್ಜಿ ಕಾಲದಿಂದ ಬೆಳ್ದಿರ್ಬೇಕು ಇದು."

ಹುಡುಗಿಯ ಕಣ್ಣು ತುಂಬಿತ್ತು. ರಂಗಿ ಆ ಮುಖದಲ್ಲಿ ಕಪಟ ಹುಡುಕಿದಳು. ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು! ಸಿಗಲಿಲ್ಲ. ಹೊತ್ತ ಚೀಲವನ್ನು ಕೆಳಗಿಳಿಸಿದಳು.

ಮಂಗಳಗೌರಿ ಮೂಗೊರೆಸಿಕೊಂಡು ಚೀಲದಿಂದ ಒಂದು ಚಿಟಿಕೆ ತೆಗೆದಳು, ಪೊಟ್ಟಣಕ್ಕೆ ಹಾಕಿ ಮೇಲೆ ಬರೆದಳು.

"ಏನ್ ಬರುದ್ರವ್ವ?"

"ಜಾಗ, ಮರ, ತಾರೀಕು. ಕಿತ್ತೋರ ಹೆಸ್ರು."

"ನಿಮ್ದಾ?"

"ನಾನು ಕೀಳ್ನಿಲ್ವಲ್ಲ ಅಕ್ಕ. ನಿಮ್ದೇಯ."

"ಅಳಿಸ್ಬುಡವ್ವ," ರಂಗಿ ಪೊಟ್ಟಣಕ್ಕೆ ಕೈ ಚಾಚಿದಳು.

"ಇದ್ರಲ್ಲಿ ಸುಳ್ಳು ಬರೆಯಂಗಿಲ್ಲ."

"ಎಷ್ಟ್ ದಿನ ಮಡಗೀರಿ?"

"ನಾವೆಲ್ಲ ಸತ್ತ ಮೇಲೂ ಇರ್ತದೆ."

ದೇವರಿಗಾದರೆ ತಪ್ಪುಕಾಣಿಕೆ ಕಟ್ಟಬಹುದಿತ್ತು. ಈ ಪೊಟ್ಟಣಕ್ಕೆ ಏನು ಕಟ್ಟುವುದೆಂದು ರಂಗಿಗೆ ತಿಳಿಯಲಿಲ್ಲ.