ತಂತಿ ಕಳಚಿದ ಹೊತ್ತು

ದೊಡ್ಡಬಳ್ಳಾಪುರದ ಹೊರಗೆ ನರಸಿಂಹಯ್ಯನವರದು ರೇಷ್ಮೆ ನೂಲಿಗೆ ಬಣ್ಣ ಹಾಕುವ ಕಾರ್ಖಾನೆ. ರಸ್ತೆಯ ಕಡೆ ಆಫೀಸು, ಅಂಗಳ ದಾಟಿದರೆ ಬಣ್ಣದ ಮನೆ. ಎರಡೂ ಕಡೆ ಒಂದೊಂದು ಕಂಪ್ಯೂಟರು. ಬೆಂಗಳೂರಿನ ಯಾವುದೋ ಕಂಪನಿ ಬಳಸಿ ಬಿಟ್ಟ ಹಳೆಯ ಮಷೀನುಗಳವು. ನಡುವೆ ಅಂಗಳದ ಮೇಲೆ ಹಾಯ್ದುಹೋದ ಒಂದು ಕಪ್ಪು ಕೇಬಲ್ಲು. ಯಾವ ನೂಲಿಗೆ ಯಾವ ಬಣ್ಣ ಎಂದು ಲೆಕ್ಕ ಬರೆಯುವ ಹುಡುಗಿ ಮಮತ ಆಫೀಸಿನಲ್ಲಿ ಟೈಪು ಮಾಡಿದರೆ ಅದು ಬಣ್ಣದ ಮನೆಯ ಪರದೆಯ ಮೇಲೆ ಮೂಡಬೇಕು. ತೊಂಬತ್ತೇಳನೇ ಇಸವಿಯಲ್ಲಿ ಅದೊಂದು ಸೋಜಿಗ. ನೋಡಲೆಂದೇ ಮಗ್ಗದವರು ಬರುತ್ತಿದ್ದರು.

ಹೊಸ ಕಾಂಪೌಂಡು ಗೋಡೆ ಎದ್ದ ಮೇಲೆ ಆ ಸೋಜಿಗಕ್ಕೆ ಗ್ರಹಚಾರ ಹಿಡಿಯಿತು. ಇದ್ದಕ್ಕಿದ್ದಂತೆ ಪರದೆ ನಡುಗುವುದು, ಆ ಕಡೆಯ ಮಷೀನು ಈ ಕಡೆಗೆ ಕಾಣದೆ ಹೋಗುವುದು, ಕೊನೆಗೆ ಕೀಲಿಮಣೆ ಕುಟ್ಟಿದರೂ ಅಲುಗಾಡದೆ ಕೂತುಬಿಡುವುದು. ಆರಿಸಿ ಹಾಕಿದರೆ ತಾರೀಕು ಹದಿನೇಳು ವರ್ಷ ಹಿಂದಕ್ಕೆ ಹೋಗಿರುತ್ತಿತ್ತು. ದೊಡ್ಡಬೆಳವಂಗಲದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಮಮತಳಿಗೆ ದಾರಿಯುದ್ದಕ್ಕೂ ಅದೇ ಚಿಂತೆ. ಏನು ಕೆಟ್ಟರೂ ಅವಳ ಕೈಗುಣವೇ ಸರಿಯಿಲ್ಲ ಎಂದು ನರಸಿಂಹಯ್ಯನವರು ಗೊಣಗುತ್ತಿದ್ದರು. ಆ ಕೇಬಲ್ಲನ್ನು ಕಿತ್ತು ತಿಪ್ಪೆಗೆ ಎಸೆದರೆ ಸಾಕು ಎಂದು ಅವಳೂ ಎಷ್ಟೋ ಸಲ ಅಂದುಕೊಂಡಿದ್ದಳು.

ಕೊನೆಗೆ ಬೆಂಗಳೂರಿನಿಂದ ರಿಪೇರಿ ಮಾಡುವ ಉಮಾಶಂಕರ್ ಬಂದರು. ಒಳಗಿನ ಪುಟ್ಟ ಬ್ಯಾಟರಿ ಬದಲಾಯಿಸಿದರು. ತಾರೀಕು ಸರಿಯಾಯಿತು. ನೆಟ್‌ವರ್ಕ್ ಕಾರ್ಡು ಬಿಚ್ಚಿ, ಅದರ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದರು. ಎಲ್ಲ ಚೆನ್ನಾಗಿಯೇ ನಡೆಯಿತು. ಅವರು ಚೀಲ ಕಟ್ಟುವ ಹೊತ್ತಿಗೆ ಪರದೆ ಮತ್ತೆ ನಡುಗಿತು.

ಬಣ್ಣದ ಮನೆಯ ನೀರಿನ ಮೋಟಾರು ಶುರುವಾದಾಗಲೇ ಹೀಗಾಗುತ್ತದೆ ಎಂಬುದನ್ನು ಮಮತ ಗಮನಿಸಿದ್ದಳು, ಹೇಳಿದಳು. ಹಾಗಾದರೆ ಮೋಟಾರು ಓಡುತ್ತಲೇ ಇರಲಿ, ಕೇಬಲ್ಲನ್ನು ಈ ಕಡೆ ಕಳಚಿ ನೋಡೋಣ, ತೊಂದರೆ ಕೇಬಲ್ಲಿನದೋ ಮಷೀನಿನದೋ ಗೊತ್ತಾಗುತ್ತದೆ ಎಂದರು ಉಮಾಶಂಕರ್. ಕಂಪ್ಯೂಟರಿನ ಬೆನ್ನಿಗೂ ಗೋಡೆಗೂ ನಡುವೆ ಇದ್ದ ಸಂದಿಯಲ್ಲಿ ಅವರ ಕೈ ಹೋಗಲಿಲ್ಲ. ಅವರು ಟಾರ್ಚು ಹಿಡಿದರು, ಮಮತ ಎಡಗೈಯನ್ನು ಮಷೀನಿನ ತಗಡಿನ ಮೇಲೆ ಊರಿ ಬಲಗೈಯಲ್ಲಿ ಕೇಬಲ್ಲಿನ ತುದಿಯ ಬಳೆಯನ್ನು ತಿರುವಿ ಎಳೆದಳು.

ಯಾರೋ ಎದೆಗೆ ಒದ್ದಂತಾಯಿತು. ಕಣ್ಣು ಬಿಟ್ಟಾಗ ಅವಳು ಹಿಂದಿನ ಬೀರುವಿಗೆ ಒರಗಿ ನೆಲದ ಮೇಲೆ ಕೂತಿದ್ದಳು. ಎರಡು ತೋಳೂ ತನ್ನವಲ್ಲ ಎನ್ನುವಂತೆ ಜೋಮು ಹಿಡಿದಿದ್ದವು. ನರಸಿಂಹಯ್ಯನವರು ಎದ್ದು ಬಂದು, ಏನೂ ಆಗಿಲ್ಲವಲ್ಲ ತಾಯಿ ಎಂದು ಕೇಳಿದರು. ನೆಟ್‌ವರ್ಕಿನ ತಂತಿಯಲ್ಲಿ ಹೊಡೆಯುವಂಥ ಕರೆಂಟು ಇರುವುದೇ ಇಲ್ಲ ಎಂದುಕೊಳ್ಳುತ್ತ ಉಮಾಶಂಕರ್ ಜೇಬಿನ ಟೆಸ್ಟರನ್ನು ನೇತಾಡುತ್ತಿದ್ದ ತುದಿಗೆ ತಾಗಿಸಿದರು. ಟೆಸ್ಟರು ಕೆಂಪಗೆ ಉರಿಯಿತು. ಅವರು ತಟ್ಟನೆ ಕೈ ಹಿಂದಕ್ಕೆಳೆದುಕೊಂಡರು.

"ಆ ಕಡೆಯಿಂದ ಬರ್ತಾ ಇದೆ. ಯಾರೂ ಮುಟ್ಬೇಡಿ. ಹೀಗೇ ಬಿಟ್ಟಿರಿ."

ಮಮತ ನೆಲದಿಂದಲೇ ಕೇಳಿದಳು. "ಇಷ್ಟು ದಿನ ಇದೆಲ್ಲ ಎಲ್ಲಿಗೆ ಹೋಗ್ತಿತ್ತು ಸಾರ್?"

"ಎಲ್ಲಿಗೆ ಅಂದ್ರೆ, ಈ ಕೇಬಲ್‌ನಲ್ಲಿ ಬಂದು, ಈ ಮಷೀನಿನಿಂದ ನಿಮ್ಮ ಆಫೀಸಿನ ಅರ್ತಿಂಗಿಗೆ, ಅಲ್ಲಿಂದ ನೆಲಕ್ಕೆ..." ಅಷ್ಟು ಹೇಳಿ ಉಮಾಶಂಕರ್ ನಿಂತರು. ಈಗ ದಾರಿ ಕಡಿದುಹೋಗಿದೆ. ಹಾಗಾದರೆ ಅದು ಎಲ್ಲಿ ನಿಂತಿದೆ?

ಇಬ್ಬರೂ ಒಟ್ಟಿಗೇ ಕಿಟಕಿಯ ಕಡೆ ತಿರುಗಿದರು. ಬಣ್ಣದ ಮನೆಯ ಬಾಗಿಲು ಹಾರುಹೊಡೆದಿತ್ತು. ಒಳಗೆ ಮುತ್ತಮ್ಮ, ಅಲ್ಲಿ ನೂಲು ಅದ್ದುವ ಹೆಂಗಸು, ಮೋಟಾರಿನ ಕೊಳವೆ ಇಳಿದಿದ್ದ ಕಬ್ಬಿಣದ ತೊಟ್ಟಿಯ ಅಂಚು ಹಿಡಿದು ಬಾಗಿದ್ದಳು. ಹೆಗಲಿನ ನೂಲಿನ ಲಡಿಗಳು ನೀರಿಗೆ ಬಿದ್ದಿದ್ದವು, ಅವಳು ಎತ್ತುತ್ತಿರಲಿಲ್ಲ. ಕೂಗಲೂ ಇಲ್ಲ. ಸೆರಗು ಮಾತ್ರ ಗಾಳಿಯಿಲ್ಲದೆಯೂ ಅದುರುತ್ತಿತ್ತು.

ತಾನು ಹೇಗೆ ಎದ್ದೆನೆಂದು ಮಮತಳಿಗೆ ಇಂದಿಗೂ ನೆನಪಿಲ್ಲ. ಜಗುಲಿಯ ಮರದ ಹಲಗೆಯ ಮೇಲಿದ್ದ ಮೇನ್ ಸ್ವಿಚ್ಚಿನ ಹಿಡಿಗೆ ಜೋತುಬಿದ್ದಳು. ಜೋಮು ಹಿಡಿದ ಕೈ ಬಲ ಕೊಡಲಿಲ್ಲ, ಮೈಭಾರವೆಲ್ಲ ಹಾಕಿದಾಗ ಅದು ಧಡ್ ಎಂದು ಕೆಳಗಿಳಿಯಿತು. ಮೋಟಾರಿನ ಸದ್ದು ಅಡಗಿತು. ಆ ನಿಶ್ಶಬ್ದದಲ್ಲಿ ಮುತ್ತಮ್ಮ ಕುಸಿದ ಸಪ್ಪಳ ಅಂಗಳದಾಚೆಗೂ ಕೇಳಿಸಿತು.

ಉಸಿರಿತ್ತು. ಅಂಗೈ ಸುಟ್ಟು ಬೆಳ್ಳಗಾಗಿತ್ತು. ನರಸಿಂಹಯ್ಯನವರೇ ಅವಳನ್ನು ವ್ಯಾನಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದರು.

ಸಂಜೆಯೊಳಗೆ ಲೈನ್ ಕೆಲಸದವನು ಬಂದು ಅಗೆದ. ಬಣ್ಣದ ಮನೆಯ ಮೋಟಾರಿಗೂ ಕಂಪ್ಯೂಟರಿಗೂ ಒಂದೇ ಆಗಿದ್ದ ಅರ್ತಿಂಗ್ ತಂತಿ ಕಾಂಪೌಂಡಿನ ಬುನಾದಿಯ ಹತ್ತಿರ ಕತ್ತರಿಸಿಹೋಗಿತ್ತು. ಪಾಯ ತೋಡಿದವರ ಹಾರೆಗೆ ಸಿಕ್ಕಿರಬೇಕು, ಮಣ್ಣು ಮುಚ್ಚಿ ಹೋಗಿದ್ದರು. ಮೋಟಾರು ಒಳಗೇ ಸೋರುತ್ತಿತ್ತು. ಸೋರಿದ ಕರೆಂಟಿಗೆ ಬೇರೆ ದಾರಿಯಿರಲಿಲ್ಲ. ತಿಂಗಳುಗಟ್ಟಲೆ ಅದನ್ನೆಲ್ಲ ಹೊತ್ತು ಸಾಗಿಸಿದ್ದು ಎಲ್ಲರೂ ಶಪಿಸುತ್ತಿದ್ದ ಆ ಕಪ್ಪು ಕೇಬಲ್ಲು. ಆಸ್ಪತ್ರೆಯಿಂದ ಬಂದ ನರಸಿಂಹಯ್ಯನವರು ತುಂಡಾದ ತಂತಿಯನ್ನು ನೋಡಿ ಅಗೆದ ಮಣ್ಣಿನ ಮೇಲೆಯೇ ಕೂತರು. ಪಾಯ ತೋಡುವಾಗ ಕೊಡೆ ಹಿಡಿದು ಅಲ್ಲೇ ನಿಂತು ಕೆಲಸ ಮಾಡಿಸಿದವರು ಅವರೇ. ಉಮಾಶಂಕರ್ ಮೂರು ಬಸ್ಸು ಬಿಟ್ಟರೂ ಹೋಗಲಿಲ್ಲ. ಮೋಟಾರು ಓಡುತ್ತಿರಲಿ ಎಂದದ್ದು ನಾನು, ಕಳಚಿಸಿದ್ದೂ ನಾನು ಎಂದು ಅಷ್ಟನ್ನೇ ಹೇಳುತ್ತಿದ್ದರು.

ಮರುದಿನ ಮಮತ ಆಸ್ಪತ್ರೆಗೆ ಹೋದಳು. ಕೈಗೆ ಬಟ್ಟೆ ಸುತ್ತಿಕೊಂಡು ಮಲಗಿದ್ದ ಮುತ್ತಮ್ಮನ ಪಕ್ಕ ಕೂತು, ತಲೆ ತಗ್ಗಿಸಿ ಹೇಳಿಬಿಟ್ಟಳು. "ಆ ತಂತಿ ಕಿತ್ತಿದ್ದು ನಾನೇ ಮುತ್ತಕ್ಕ."

ಮುತ್ತಮ್ಮ ಬಟ್ಟೆ ಸುತ್ತಿದ ಕೈಯನ್ನು ಎದೆಯ ಮೇಲಕ್ಕೆ ಎಳೆದುಕೊಂಡಳು. "ಕೂಗ್ಬೇಕು ಅಂತ ಬಾಯ್ ತೆಗೀತೀನಿ, ಬರ್ಲೇ ಇಲ್ಲ ಕಣವ್ವ. ನಿಮ್ಮನ್ನೆಲ್ಲ ಕಿಟಕೀಲಿ ನೋಡ್ತಾ ಇದ್ದೆ. ನೀನು ತಿರುಗ್ದೆ. ಅಷ್ಟೇ ಗ್ಯಾಪ್ಕ ಇರೋದು."

ಹೊಸ ಅರ್ತಿಂಗ್ ಹಾಕಿ, ಮೋಟಾರು ಬದಲಾಯಿಸಿದ ಮೇಲೆ ನೆಟ್‌ವರ್ಕು ಒಂದು ದಿನವೂ ಕೈಕೊಡಲಿಲ್ಲ. ಮುತ್ತಮ್ಮ ಯುಗಾದಿ ಕಳೆದು ಕೆಲಸಕ್ಕೆ ಬಂದಳು. ಮಮತ ಮಾತ್ರ ಕಿಟಕಿಗೆ ಬೆನ್ನು ಮಾಡಿ ಪರದೆಯ ಮುಂದೆ ಕೂರಲು ಧೈರ್ಯ ಸಾಲದೆ, ಮೇಜನ್ನು ಅಂಗಳ ಕಾಣುವಂತೆ ತಿರುಗಿಸಿಕೊಂಡಳು.