ಹದಿನಾಲ್ಕು ನಂಬರಿನ ಹತ್ತು ಚೀಲ

ನಮ್ಮ ಸಾಹುಕಾರ ಉಡಚಪ್ಪನವರಿಗೆ ಹೊಸ ಸಾಮಾನು ಅಂದರೆ ಮೈಮೇಲೆ ಕಂಬಳಿಹುಳ ಬಿದ್ದ ಹಾಗೆ. ರಾಣೇಬೆನ್ನೂರಿನಲ್ಲಿ ಅವರದೊಂದು ಬೀಜದ ಘಟಕ ಇದೆ. ಸುತ್ತಲಿನ ಹಳ್ಳಿಯ ಹೆಂಗಸರು ಟೊಮ್ಯಾಟೊ ಹೂವಿಗೆ ಹೂ ಕೂಡಿಸಿ, ಅಂದರೆ ಕ್ರಾಸಿಂಗ್ ಮಾಡಿ, ಬೆಳೆದ ಬೀಜ ಅಲ್ಲಿಗೆ ಬರುತ್ತದೆ. ನಾವು ಮೊಳಕೆ ಬರಿಸಿ ನೋಡಿ, ಪಾಸಾದದ್ದನ್ನು ಪೊಟ್ಟಣ ಕಟ್ಟುತ್ತೇವೆ. ನಾನು ಮಹೇಶ್ವರಿ, ಅಲ್ಲಿಯ ಕಂಪ್ಯೂಟರಿನವಳು. ಕಂಪ್ಯೂಟರ್ ಮಾತ್ರ ಇಲ್ಲ.

ಇದ್ದ ಒಂದು ಲ್ಯಾಪ್‌ಟಾಪ್ ಯುಗಾದಿಗೆ ಮುಂಚೆ ಸುಟ್ಟುಹೋಯಿತು. ಅದರಲ್ಲಿ ಪೈಥಾನ್ ಭಾಷೆಯಲ್ಲಿ ನಾನು ಬರೆದ ಪ್ರೋಗ್ರಾಮ್ ಇತ್ತು. ಸಾಹುಕಾರರ ಸೋದರಳಿಯ ಸುಭಾಷ ಊರು, ಬೆಳೆ, ಮಾದರಿಯ ನಂಬರು ಸೇರಿಸಿ "ಕರ್ಜಗಿ/ಟೊಮ್ಯಾಟೊ/142" ಎಂದು ಟೈಪ್ ಮಾಡಿದರೆ ಸಾಕು, ಅದು ಓರೆಗೆರೆ ಇದ್ದಲ್ಲಿ ಸಾಲನ್ನು ಮೂರು ತುಂಡು ಮಾಡಿ, ತುದಿಗೆ ಅಂಟಿಕೊಂಡ ಖಾಲಿ ಜಾಗವನ್ನು ಕೆರೆದು ಹಾಕಿ, ಒಪ್ಪವಾಗಿ ಚೀಟಿ ಮುದ್ರಿಸುತ್ತಿತ್ತು. ಹೊಸ ಲ್ಯಾಪ್‌ಟಾಪ್ ಕೇಳಿದೆ. ಸಾಹುಕಾರರು ಚೀಟಿಯ ಪ್ರಿಂಟರ್ ಕಡೆ ಬೆರಳು ತೋರಿಸಿದರು.

"ಇದರಾಗ ಅದರದ ಒಂದು ಭಾಷಾ ಐತಂತಲ್ಲ ತಂಗಿ. ಕೀಬೋರ್ಡ್ ಹಚ್ಚು, ಕಲಿಸು."

"ಸಾವ್ಕಾರ್ರ, ಅದು ನಮ್ಮಪ್ಪನ ಕಾಲದ ಬೇಸಿಕ್ ಅನ್ನೋ ಭಾಷಾದ ತಮ್ಮರಿ. ಅದಕ್ಕ ಏನೂ ಬರಂಗಿಲ್ಲ."

"ಕುಣೀಲಾರದಾಕಿ ಅಂಗಳ ಡೊಂಕ ಅಂದ್ಲಂತ" ಎಂದು ಅವರು ಚಹಾ ಕುಡಿಯಲು ಹೊರಟರು.

ಖರೇ ಹೇಳಬೇಕೆಂದರೆ ಆ ಪ್ರಿಂಟರಿಗೆ ಬರುತ್ತಿದ್ದದ್ದು ಮೂರೇ ವಿದ್ಯೆ: ಅಕ್ಷರ ಎಣಿಸುವುದು, ಎಡದಿಂದ ಕೊಯ್ಯುವುದು, ನಡುವಿನಿಂದ ಕೊಯ್ಯುವುದು. ಪೈಥಾನಿನಲ್ಲಿ ಒಂದೇ ಶಬ್ದಕ್ಕೆ ಆಗುವ ಕೆಲಸವನ್ನು ಇಲ್ಲಿ ಇಪ್ಪತ್ತು ಸಾಲು ಬರೆದು ಮಾಡಿಸಬೇಕು. ಹನ್ನೊಂದು ದಿನ ತಲೆ ಕೆಡಿಸಿಕೊಂಡು ಒಂದೊಂದನ್ನೇ ಕಟ್ಟಿದೆ. ಕರ್ಜಗಿಯ ಮನೆಯಲ್ಲಿ ಅವ್ವ ಶೇಖವ್ವ ಇದನ್ನೆಲ್ಲ ಕೇಳಿ, "ಅಂದ್ರ ನೀನೂ ಕ್ರಾಸಿಂಗ ಮಾಡಾಕತ್ತೀದಿ ಅನ್ನು" ಎಂದಳು. ಅವಳ ಅರ್ಧ ಎಕರೆಯ ಟೊಮ್ಯಾಟೊ ಬೀಜವೂ ನಮ್ಮ ಘಟಕಕ್ಕೇ ಬರುತ್ತಿತ್ತು. "ಒಂದರ ಗುಣ ಪೂರಾ ಇನ್ನೊಂದಕ್ಕ ಬರಂಗಿಲ್ಲ ಮತ್ತ. ನೋಡ್ಕೋ."

ನಾನು ನಕ್ಕುಬಿಟ್ಟೆ. ಸುಭಾಷನಿಂದಲೇ ಹಳೆಯ ಇನ್ನೂರು ಸಾಲು ಟೈಪ್ ಮಾಡಿಸಿ ಪರೀಕ್ಷಿಸಿದ್ದೆ, ಇನ್ನೂರೂ ಸರಿ ಬಂದಿದ್ದವು. ಆದರೆ ಸುಭಾಷನಿಗೆ ಒಂದು ಚಾಳಿ ಇತ್ತು. ಏನು ಬರೆದರೂ ಕೊನೆಗೆ ಹೆಬ್ಬೆರಳಿನಿಂದ ಸ್ಪೇಸ್ ಪಟ್ಟಿಗೆ ಒಂದು ಗುದ್ದು ಹಾಕಿಯೇ ಏಳುವವ. ನನ್ನ ಪ್ರೋಗ್ರಾಮ್ ಸಾಲಿನ ಕೊನೆಯ ಒಂದು ಜಾಗವನ್ನು ಕೊಯ್ದು ಬಿಸಾಡುತ್ತಿತ್ತು. ಅಲ್ಲಿ ಯಾವಾಗಲೂ ಖಾಲಿಯೇ ಇರುತ್ತಿತ್ತು. ಖಾಲಿ ಇದೆಯೋ ಇಲ್ಲವೋ ಎಂದು ಮೊದಲು ನೋಡುವುದು ಪೈಥಾನಿಗೆ ಗೊತ್ತು. ನಾನು ಅದನ್ನು ಕಲಿಸುವುದನ್ನೇ ಮರೆತಿದ್ದೆ.

ಎರಡು ತಿಂಗಳು ಎಲ್ಲ ಸುರಳೀತ ನಡೆಯಿತು. ಆಮೇಲೆ ಸುಭಾಷ ಅಗಡಿಯ ಹತ್ತಿರ ಎಮ್ಮೆ ತಪ್ಪಿಸಲು ಹೋಗಿ ಬೈಕಿನಿಂದ ಬಿದ್ದು ಹೆಬ್ಬೆರಳು ಮುರಿದುಕೊಂಡ.

ಮರುದಿನವೇ ಹಂಗಾಮಿನ ಕೊನೆಯ ಹತ್ತು ಬೀಜದ ಮಾದರಿಗಳು, ಹತ್ತು ಹೆಂಗಸರ ಹತ್ತು ಚೀಲ, ಕರ್ಜಗಿಯಿಂದ ಬಂದವು, 140ರಿಂದ 149ರವರೆಗೆ. ಸುಭಾಷ ತೋರುಬೆರಳಿನಿಂದ ಕುಟ್ಟಿದ. ಕೊನೆಯ ಗುದ್ದು ಬೀಳಲಿಲ್ಲ. ಪ್ರಿಂಟರ್ ಪ್ರತಿ ನಂಬರಿನ ಕೊನೆಯ ಅಂಕಿಯನ್ನು ನುಂಗಿ, ಹತ್ತೂ ಚೀಟಿಯ ಮೇಲೆ 14 ಎಂದು ಬರೆದು ಕೈತೊಳೆದುಕೊಂಡಿತು. ಚೀಟಿ ಓದುವುದು ತನ್ನ ಕೆಲಸವಲ್ಲ ಎಂಬುದು ಸುಭಾಷನ ಸಿದ್ಧಾಂತ, ಹಾಗೇ ಚೀಲಗಳಿಗೆ ಅಂಟಿಸಿದ. ನಾನಂತೂ ಸೊಕ್ಕಿನಿಂದ ಚೀಟಿ ನೋಡುವುದನ್ನೇ ಬಿಟ್ಟಿದ್ದೆ.

ಎರಡು ವಾರದ ನಂತರ ಸಾಹುಕಾರರ ದನಿ ಗೋದಾಮು ನಡುಗಿಸಿತು. "ಇದೇನ ತಂಗಿ? ಹತ್ತೂ ಹದಿನಾಕು?"

ಸಾಲಾಗಿ ಹತ್ತು ಟ್ರೇ. ಒಂಬತ್ತರಲ್ಲಿ ಸಸಿ ಒತ್ತಾಗಿ ಎದ್ದಿದ್ದವು. ಕೊನೆಯದರಲ್ಲಿ ನೂರಕ್ಕೆ ಐವತ್ತೆರಡು. ಫೇಲಾದವರಿಗೆ ಮುಂದಿನ ಹಂಗಾಮಿನಲ್ಲಿ ಬಿತ್ತನೆಗೆ ಬೀಜ ಕೊಡುವುದಿಲ್ಲ ಎಂಬುದು ಘಟಕದ ಕಾಯಿದೆ. ಸುಭಾಷನ ಬ್ಯಾಂಡೇಜಿನ ಮೇಲೆ ಕಣ್ಣು ಬಿದ್ದದ್ದೇ ತಡ, ನನಗೆ ಎಲ್ಲ ತಿಳಿದುಹೋಯಿತು.

"ಆ ದಿವಸ ಎಲ್ಲಾರಿಗಿಂತ ಕಡೀಗೆ ಚೀಲ ತಂದಾಕಿ ಬಿಸ್ಮಿಲ್ಲಾಬಿ. ಕಡೀ ಟ್ರೇ ಅಕಿದ ಇರಬೇಕು" ಎಂದರು ಸಾಹುಕಾರರು. "ಬರಕೋ. ಬಿಸ್ಮಿಲ್ಲಾಬಿ ಫೇಲು."

ಪ್ರತಿ ಟ್ರೇಯ ಮುಂದೆ ಆ ಮಾದರಿ ಬಂದ ಬಟ್ಟೆಯ ಚೀಲ ಇಟ್ಟಿರುತ್ತಾರೆ. ಚೀಲ ಕೊಡುವುದನ್ನು ಸಾಹುಕಾರರು ನಿಲ್ಲಿಸಿ ವರ್ಷವಾಗಿತ್ತು, ಹೀಗಾಗಿ ಹೆಂಗಸರು ತಮ್ಮ ಹಳೇ ಸೀರೆ ಹರಿದು ಹೊಲಿದು ತರುತ್ತಿದ್ದರು. ಕೊನೆಯ ಟ್ರೇಯ ಮುಂದಿನ ಚೀಲ ಹಸಿರು ಇಳಕಲ್ ಸೀರೆಯದು. ನಾನು ಒಂದನೇ ಕ್ಲಾಸಿಗೆ ಹೋಗುವಾಗ ಅವ್ವ ನನ್ನ ಪಾಟಿಚೀಲ ಹೊಲಿದದ್ದು ಅದೇ ಸೀರೆಯಿಂದ.

ಆಗ ಮನಸ್ಸಿಗೆ ಬಂದದ್ದನ್ನು ಹೇಳಿಯೇ ಬಿಡುತ್ತೇನೆ. ಬಾಯಿ ಮುಚ್ಚಿಕೊಂಡಿರು ಅನ್ನಿಸಿತು. ಅವ್ವನ ಹೊಲವೂ ಉಳಿಯಿತು, ನನ್ನ ಮಾನವೂ ಉಳಿಯಿತು. ಆದರೆ ಡಿಪ್ಲೊಮಾದ ಮೂರು ವರ್ಷ, ಹಾವೇರಿಯ ಬಸ್ಸು ತಪ್ಪಿದಾಗಲೆಲ್ಲ ಮಗನನ್ನು ಎಬ್ಬಿಸಿ ಅವನ ಬೈಕಿಗೆ ನನ್ನನ್ನು ಏರಿಸಿ ಕಳಿಸಿದವಳು ನಮ್ಮ ನೆರೆಮನೆಯ ಈ ಬಿಸ್ಮಿಲ್ಲಾಬಿಯೇ.

"ಫೇಲು ಅಂತ ಬರಸಬ್ಯಾಡ್ರಿ" ಎಂದೆ. "ತಪ್ಪು ಚೀಟಿ ನನ್ನ ಪ್ರೋಗ್ರಾಮಿಂದ ಆಗೇತ್ರಿ. ಮತ್ತ ಆ ಚೀಲ ನಮ್ಮವ್ವಂದು."

ಸಾಹುಕಾರರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮಗಳ ಮಾತಿನ ಮೇಲೆ ತಾಯಿಯನ್ನು ಫೇಲು ಮಾಡಿದ ಅಪವಾದ ಬೇಡವೆಂದು ಹತ್ತೂ ಹೆಂಗಸರನ್ನು ಮರುದಿನ ಕರೆಸಿದರು. ಟೆಂಪೊದಿಂದ ಇಳಿದವರು ಚೀಟಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ತಮ್ಮ ತಮ್ಮ ಸೀರೆಯ ಮುಂದೆ ಹೋಗಿ ನಿಂತರು. ಬಿಸ್ಮಿಲ್ಲಾಬಿ ಮೂರನೆಯ ಟ್ರೇಯ ಮುಂದೆ, ಅದರಲ್ಲಿ ತೊಂಬತ್ನಾಲ್ಕು ಸಸಿ. ಅವ್ವ ಹಸಿರು ಚೀಲ ಕೈಗೆತ್ತಿಕೊಂಡು ಅರೆಬೋಳು ಟ್ರೇಯನ್ನು ನೋಡಿದಳು.

"ಇದು ನಂದರಿ" ಎಂದಳು. "ಬ್ಯಾಡಗಿಗೆ ಹೋಗಿದ್ನಿ, ವರ್ಷದ ಖಾರಕ್ಕ ಮೆಣಸಿನಕಾಯಿ ತರಾಕ. ಅಕ್ಕನ ಮನ್ಯಾಗ ಮಾತಿಗೆ ಕುಂತೆ, ಎರಡು ದಿನಾ ಏಳಲಿಲ್ಲ. ಒಂದ ರಾತ್ರಿ ಹಣ್ಣಿನ ರಸದಾಗ ಇಟ್ಟು ತೊಳೀಬೇಕಾದ ಬೀಜ ಹಂಗ ಕೊಳತ ಹೋತು."

ಕಾಯಿದೆ ಕಾಯಿದೆಯೇ. ಅವ್ವನಿಗೆ ಮುಂದಿನ ಹಂಗಾಮಿಗೆ ಬೀಜವಿಲ್ಲ. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ, ಬೇರೆಯವರು ಬಂದರೆ ಲ್ಯಾಪ್‌ಟಾಪ್ ಕೇಳುತ್ತಾರಲ್ಲ. ಟೆಂಪೊ ಹತ್ತುವಾಗ ಬಿಸ್ಮಿಲ್ಲಾಬಿ ಅವ್ವನ ಹೆಗಲು ಹಿಡಿದು, "ಕ್ರಾಸಿಂಗಿಗೆ ನನ್ನ ಹೊಲಕ್ಕ ಬಾ ಶೇಖವ್ವ. ಆದ್ರ ಬ್ಯಾಡಗಿ ಹೆಸರ ತಗೀಬ್ಯಾಡ" ಎಂದಳು. ಹೆಂಗಸರೆಲ್ಲ ನಕ್ಕರು. ಅವ್ವ ನಗಲಿಲ್ಲ.

ಮನೆಯಲ್ಲಿ ಎರಡು ದಿನ ಅವಳು ನನ್ನೊಡನೆ ಮಾತಾಡಲಿಲ್ಲ. ನಾನು ಬಚ್ಚಲಲ್ಲಿ ಕೂತು ಅತ್ತುಬಿಟ್ಟೆ. ಮೂರನೆಯ ದಿನ ರೊಟ್ಟಿ ಬಡಿಯುತ್ತ ಅವಳೇ ಕೇಳಿದಳು. "ನಿಂದು ತಿದ್ದೀದಿ?"

"ತಿದ್ದೇನಿ. ಖಾಲಿ ಐತೇನು ನೋಡಿ ಕೊಯ್ಯಿ ಅಂತ ಬರದೇನಿ."

"ಎಷ್ಟ ಸಾಲು?"

"ಒಂದು."

"ಒಂದು!" ಎಂದು ರೊಟ್ಟಿಯನ್ನು ಹಂಚಿನ ಮೇಲೆ ಎಸೆದಳು. ಮೊದಲನೆಯ ರೊಟ್ಟಿ ನನ್ನ ತಾಟಿಗೇ ಬಿತ್ತು.

ಮುಂದಿನ ಹಂಗಾಮಿಗೆ ಸಾಹುಕಾರರು ಎಲ್ಲಿಂದಲೋ ಪುಕ್ಕಟೆ ಸಿಕ್ಕ ಬಿಳಿ ಚೀಲಗಳನ್ನು ಎಲ್ಲರಿಗೂ ಹಂಚಿದರು, ಚೀಟಿ ಎದ್ದು ಕಾಣಲಿ ಎಂದು. ಮಾದರಿಗಳು ಬಂದ ದಿನ ನೋಡಿದರೆ, ಒಂದೊಂದು ಬಿಳಿ ಚೀಲದ ಬಾಯಿಗೂ ಒಂದೊಂದು ಸೀರೆಯ ತುಂಡು ಹೊಲಿದಿದ್ದಾರೆ. ಬಿಸ್ಮಿಲ್ಲಾಬಿಯ ಚೀಲ ಹೊತ್ತು ತಂದವಳು ಅವ್ವ.

"ಮತ್ತ ಈ ಚಿಂದಿ ಯಾಕ ಶೇಖವ್ವ?" ಸಾಹುಕಾರರು ರೇಗಿದರು. "ಮ್ಯಾಲೆ ಚೀಟಿ ಹಚ್ಚತೇವಲ್ಲ?"

"ಹಚ್ಚರಿ, ಬ್ಯಾಡ ಅನ್ನಂಗಿಲ್ಲ" ಎಂದು ಅವ್ವ ಚೀಲವನ್ನು ನನ್ನ ಮೇಜಿನ ಮೇಲೆ ಇಟ್ಟಳು. "ಅದನ್ನ ಬರದಾಕಿ ನನ್ನ ಮಗಳರಿ. ನನಗ ಗೊತ್ತೈತಿ."